ರಕ್ತ ತೆಗೆಯುವ ತರಬೇತಿ ಪ್ಯಾಡ್: ಲೇಟೆಕ್ಸ್ ಟ್ಯೂಬಿನ ಸುತ್ತ ಸಿಲಿಕೋನ್ ಗಟ್ಟಿಯಾಗುತ್ತಿಲ್ಲ

ಪ್ರಶ್ನೆ (ಲ್ಯಾಬ್‌ಬೋಧಕಿ, ಕಲಬುರಗಿ)

ಡಿಎಂಎಲ್‌ಟಿ (ಲ್ಯಾಬ್ ತಂತ್ರಜ್ಞರ ಡಿಪ್ಲೊಮಾ) ಮೊದಲ ವರ್ಷದವರಿಗೆ ಮೊಣಕೈ ಮಡಿಕೆಯ ಪ್ಯಾಡ್ ಬೇಕಾಗಿದೆ. ಜೆಲಾಟಿನ್ ನಮ್ಮ ಕಡೆಯ ಬೇಸಿಗೆಗೆ ತಡೆಯುವುದಿಲ್ಲ. ಹಾಗಾಗಿ ಎ ಮತ್ತು ಬಿ ಎಂಬ ಎರಡು ಭಾಗ ಸಮಸಮ ಬೆರೆಸಿದರೆ ಪ್ಲಾಟಿನಂನಿಂದ ಗಟ್ಟಿಯಾಗುವ ಸಿಲಿಕೋನ್, ಗಡಸುತನ ಶೋರ್ 00-30 (ತುಂಬ ಮೆತ್ತನೆಯದು), ಬಳಸಿದ್ದು. ವೇನ್ (ರಕ್ತನಾಳ) ಜಾಗಕ್ಕೆ ಲೇಟೆಕ್ಸ್ ಟ್ಯೂಬ್. ತೊಂದರೆ ಎರಡು. ಒಂದು, ಪ್ಯಾಡ್ ಪೂರ್ತಿ ಗಟ್ಟಿಯಾದರೂ ಟ್ಯೂಬಿನ ಸುತ್ತ ಮಾತ್ರ ಅಂಟಂಟಾಗಿಯೇ ಉಳಿದಿದೆ. ಇನ್ನೊಂದು, ಸೂಜಿ ಸರಿಯಾಗಿ ಒಳಗೆ ಹೋದರೂ 3 ಎಂ.ಎಲ್. ವ್ಯಾಕ್ಯುಟೈನರ್ (ಒಳಗಿನ ನಿರ್ವಾತದಿಂದ ರಕ್ತ ಎಳೆದುಕೊಳ್ಳುವ ಕೊಳವೆ) ತುಂಬುತ್ತಿಲ್ಲ, ತಳದಲ್ಲಿ ಸ್ವಲ್ಪ ಬಂದು ನಿಲ್ಲುತ್ತದೆ. ವೇನಿನ ಎರಡೂ ತುದಿಗೆ ಕ್ಲಾಂಪ್ ಹಾಕಿದೆ.

ಅಚ್ಚುಕೆಲಸ

ಮೇಡಂ, ಅಂಟಿಗೆ ಕಾರಣ ಗಂಧಕ. ಲೇಟೆಕ್ಸ್ ರಬ್ಬರನ್ನು ಗಂಧಕ ಹಾಕಿಯೇ ಹದ ಮಾಡಿರುತ್ತಾರೆ, ಅದು ಪ್ಲಾಟಿನಂ ಕೆಲಸ ಮಾಡದಂತೆ ತಡೆಯುತ್ತದೆ. ಎಷ್ಟು ದಿನ ಇಟ್ಟರೂ ಆ ಪದರ ಗಟ್ಟಿಯಾಗದು. ಲೇಟೆಕ್ಸ್ ಗ್ಲೌಸ್ ಹಾಕಿಕೊಂಡು ಕಲಸಿದರೂ ಇದೇ ಕಥೆ. ನೈಟ್ರೈಲ್ ಗ್ಲೌಸ್ ಹಾಕಿ. ಅಚ್ಚು ಪಿಎಲ್ಎ ಪ್ಲಾಸ್ಟಿಕ್ಕಿನ ತ್ರೀಡಿ ಪ್ರಿಂಟ್ ಆದರೆ ಪರವಾಗಿಲ್ಲ, ರೆಸಿನ್ ಪ್ರಿಂಟ್ ಆದರೆ ಮೊದಲು ಒಂದು ಚಮಚ ಸುರಿದು ಪರೀಕ್ಷಿಸಿ.

ಹಾಗಂತ ಲೇಟೆಕ್ಸ್ ಬಿಡಬೇಡಿ. ಸೂಜಿ ಹೊರಬಂದ ಮೇಲೆ ತೂತು ಮುಚ್ಚಿಕೊಳ್ಳುವುದರಲ್ಲಿ ಸಿಲಿಕೋನ್ ಟ್ಯೂಬ್ ಅದರ ಹತ್ತಿರಕ್ಕೂ ಬರುವುದಿಲ್ಲ, ಬೇಗ ಹರಿದು ಸೋರುತ್ತದೆ. ಉಪಾಯ ಇಷ್ಟೇ: ಟ್ಯೂಬನ್ನು ಎರಕದಲ್ಲಿ ಹುದುಗಿಸಬೇಡಿ. ಅದರ ಜಾಗದಲ್ಲಿ ನಯವಾದ ಸ್ಟೀಲ್ ಕಡ್ಡಿ ಇಟ್ಟು ಎರಕ ಹೊಯ್ದು, ಗಟ್ಟಿಯಾದ ಮೇಲೆ ಕಡ್ಡಿ ಎಳೆದು ಟ್ಯೂಬ್ ತೂರಿಸಿ. 5 ಮಿ.ಮೀ. ಹೊರವ್ಯಾಸದ ಟ್ಯೂಬಿಗೆ 6 ಮಿ.ಮೀ. ಕಡ್ಡಿ. ಆ 1 ಮಿ.ಮೀ. ಸಡಿಲವೇ ಪ್ಯಾಡಿನ ಜೀವಾಳ: ಟ್ಯೂಬ್ ಪಕ್ಕಕ್ಕೆ ಜಾರುತ್ತದೆ, ಹೆಬ್ಬೆರಳಲ್ಲಿ ಚರ್ಮ ಕೆಳಕ್ಕೆ ಎಳೆದು ಹಿಡಿಯದವರ ಸೂಜಿ ತಪ್ಪುತ್ತದೆ. ಕೈಯಲ್ಲಿ ಆಗುವುದೂ ಅದೇ ತಾನೆ. ಟ್ಯೂಬಿಗೆ ಸಿಲಿಕೋನ್ ಎಣ್ಣೆ ಸವರಿ ತೂರಿಸಿ. ವ್ಯಾಸಲೀನ್ ಬೇಡ, ಲೇಟೆಕ್ಸ್ ಉಬ್ಬಿ ಹಾಳಾಗುತ್ತದೆ.

12×8 ಸೆಂ.ಮೀ. ಅಗಲ, 2.5 ಸೆಂ.ಮೀ. ದಪ್ಪದ ಪ್ಯಾಡಿಗೆ ಅಚ್ಚನ್ನು ಬೋರಲಾಗಿ ಯೋಚಿಸಿ, ಚರ್ಮ ತಳದಲ್ಲಿ. ಮೊದಲು ಶೋರ್ ಎ 10 ಗಡಸುತನದ (00-30ಕ್ಕಿಂತ ಗಟ್ಟಿ) ಸಿಲಿಕೋನ್, ಎ ಭಾಗ 8 ಗ್ರಾಂ, ಬಿ ಭಾಗ 8 ಗ್ರಾಂ; ಸುಮಾರು ಒಂದೂವರೆ ಮಿ.ಮೀ. ಚರ್ಮ ಬರುತ್ತದೆ. ಅದು ಬೆರಳಿಗೆ ಅಂಟುವ ಹದದಲ್ಲಿರುವಾಗಲೇ ಕೊಬ್ಬಿನ ಪದರ ಹೊಯ್ಯಿರಿ, ಆಗ ಎರಡೂ ಒಂದಾಗುತ್ತವೆ. ಕೊಬ್ಬಿಗೆ ನಿಮ್ಮ 00-30: ಎ 90, ಬಿ 90, ಸಿಲಿಕೋನ್ ಎಣ್ಣೆ 55 ಗ್ರಾಂ. ಎಣ್ಣೆ ಇದಕ್ಕಿಂತ ತುಂಬ ಹೆಚ್ಚಾದರೆ ಪ್ಯಾಡ್ ದಿನಗಳೆದಂತೆ ಬೆವರುತ್ತದೆ. ಕಡ್ಡಿಯನ್ನು ಒಂದು ತುದಿಯಲ್ಲಿ ತಳದಿಂದ 3, ಇನ್ನೊಂದು ತುದಿಯಲ್ಲಿ 6 ಮಿ.ಮೀ. ಎತ್ತರಕ್ಕೆ ಓರೆಯಾಗಿ ಕೂರಿಸಿದರೆ ಒಂದೇ ಪ್ಯಾಡಿನಲ್ಲಿ ಸುಲಭದ ವೇನ್, ಕಷ್ಟದ ವೇನ್ ಎರಡೂ ಸಿಗುತ್ತವೆ. ವ್ಯಾಕ್ಯೂಮ್ ಪಂಪ್ ಇಲ್ಲದಿದ್ದರೆ ಎತ್ತರದಿಂದ ದಾರದಷ್ಟು ಸಣ್ಣ ಧಾರೆಯಾಗಿ ಸುರಿಯಿರಿ, ಗುಳ್ಳೆ ಒಡೆಯುತ್ತವೆ.

ಸೂಜಿ21

ಎರಡನೇ ಪ್ರಶ್ನೆಗೆ: 3 ಮಿ.ಮೀ. ಒಳವ್ಯಾಸದ ಟ್ಯೂಬ್ 10 ಸೆಂ.ಮೀ. ಉದ್ದಕ್ಕೆ ಹಿಡಿಯುವುದು ಬರೀ 0.7 ಎಂ.ಎಲ್. ವ್ಯಾಕ್ಯುಟೈನರ್ ಕೇಳುವುದು 3 ಎಂ.ಎಲ್. ಎರಡೂ ಕಡೆ ಕ್ಲಾಂಪ್ ಇದ್ದರೆ ಇದ್ದಷ್ಟು ಎಳೆದು ವೇನ್ ಚಪ್ಪಟೆಯಾಗುತ್ತದೆ, ಅಲ್ಲಿಗೆ ನಿಂತಿತು. ಒಂದು ತುದಿಯನ್ನು ಐವಿ ಸೆಟ್ ಮೂಲಕ ಸಲೈನ್ ಬ್ಯಾಗಿಗೆ ಜೋಡಿಸಿ, ಹರಿವು ತಡೆಯುವ ರೋಲರ್ ತೆರೆದೇ ಇರಲಿ. ಗಟ್ಟಿ ಬಾಟಲಿಯಾದರೆ ಗಾಳಿ ಒಳಹೋಗಲು ದಾರಿ ಬೇಕೇ ಬೇಕು. ಬ್ಯಾಗ್ ಪ್ಯಾಡಿಗಿಂತ 30 ಸೆಂ.ಮೀ. ಮೇಲಿದ್ದರೆ ಒತ್ತಡ ಸುಮಾರು 22 ಮಿ.ಮೀ. ಪಾದರಸ, ಸಾಕು. ತುಂಬ ಮೇಲೇರಿಸಿದರೆ ಹಳೆಯ ತೂತುಗಳಿಂದೆಲ್ಲ ಒಸರುತ್ತದೆ.

"ರಕ್ತ"ಕ್ಕೆ ನೀರು ಮತ್ತು ಕೆಂಪು ಫುಡ್ ಕಲರ್ ಸಾಕು. ಗ್ಲಿಸರಿನ್ ಹಾಕಿದರೆ ಮಂದತೆ ರಕ್ತದ ಹಾಗೆ ಬರುತ್ತದೆ, ಆದರೆ ತೊಳೆಯದೆ ಬಿಟ್ಟರೆ ಒಳಗೆಲ್ಲ ಅಂಟು.

ಕೋನದ ಬಗ್ಗೆಯೂ ಹೇಳಬೇಕು, ಪ್ಯಾಡಿನಲ್ಲಿ ಇದನ್ನು ಅಳೆದು ತೋರಿಸಬಹುದು. ವೇನಿನ ಒಳಜಾಗ 3 ಮಿ.ಮೀ. ಇದ್ದಾಗ 30 ಡಿಗ್ರಿಯಲ್ಲಿ ಚುಚ್ಚಿದರೆ ಸೂಜಿಗೆ ಒಳಗೆ 6 ಮಿ.ಮೀ. ಓಟ ಸಿಗುತ್ತದೆ; 45 ಡಿಗ್ರಿಗೆ ಅದು 4.2ಕ್ಕೆ ಇಳಿಯುತ್ತದೆ. ಕೈ ಕಡಿದಾದಷ್ಟೂ ಆಚೆ ಗೋಡೆ ಬೇಗ ತೂತಾಗುತ್ತದೆ.

ಲ್ಯಾಬ್‌ಬೋಧಕಿ

ಕಡ್ಡಿಯ ವಿಧಾನ ಗೊತ್ತಾಯಿತು, ಧನ್ಯವಾದ. ಚರ್ಮಕ್ಕೆ ಬಣ್ಣ ಎಷ್ಟು? ಅಂಗಡಿ ಪ್ಯಾಡುಗಳಲ್ಲಿ ನೀಲಿ ವೇನ್ ಮೇಲಿಂದಲೇ ಕಾಣುತ್ತದೆ, ಹಾಗೇ ಮಾಡಲೇ?

ಅಚ್ಚುಕೆಲಸ

ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಜನರ ಕೈಯಲ್ಲಿ ಎಷ್ಟೋ ಸಲ ವೇನ್ ಕಣ್ಣಿಗೆ ಕಾಣುವುದೇ ಇಲ್ಲ, ಬೆರಳಿಗೆ ಸಿಗಬೇಕು. ನೀಲಿ ಗೆರೆ ನೋಡಿ ಕಲಿತವರು ವಾರ್ಡಿನಲ್ಲಿ ತಡಕಾಡುತ್ತಾರೆ, ನೋವು ರೋಗಿಗೆ. ಸಿಲಿಕೋನ್ ಪಿಗ್ಮೆಂಟ್ ಕಂದು, ಚೂರು ಕೆಂಪು, ಒಟ್ಟು ತೂಕದ ಶೇ. 2ರೊಳಗೆ ಹಾಕಿ, ಹಿಂದಿನ ಬೆಳಕು ಹಾಯದಷ್ಟು. 16 ಗ್ರಾಂಗೆ ಟೂತ್‌ಪಿಕ್ ತುದಿಯಲ್ಲಿ ಎರಡು ಮೂರು ಸಲ ಅದ್ದಿದರೆ ಆಯಿತು.

ಸೂಜಿ21

ಟ್ಯೂಬ್ ಸೋರತೊಡಗಿದರೆ ತಕ್ಷಣ ಎಸೆಯಬೇಡಿ. ಒಸರು ಸಣ್ಣದಿದ್ದಾಗ 1 ಸೆಂ.ಮೀ. ಎಳೆದು ಕಾಲು ಸುತ್ತು ತಿರುಗಿಸಿ, ಹೊಸ ಗೋಡೆ ಮೇಲೆ ಬರುತ್ತದೆ. ಪ್ಯಾಡ್ ಪಕ್ಕದಿಂದ ಬಣ್ಣದ ನೀರು ಹನಿದರೆ ಮಾತ್ರ ಬದಲಿಸಿ. ಕ್ಲಾಸ್ ಮುಗಿದ ಮೇಲೆ ಬರೀ ನೀರು ಹಾಯಿಸಿ ಒಣಗಿಸಿ, ಬಿಸಿಲು ಬೀಳದ ಡಬ್ಬದಲ್ಲಿಡಿ. ಬಳಸಿದ ಸೂಜಿಗೆ ಕ್ಯಾಪ್ ಮರಳಿ ಹಾಕಿಸದೆ ನೇರ ಬಿಳಿ ಶಾರ್ಪ್ಸ್ (ಚೂಪು ತ್ಯಾಜ್ಯದ) ಡಬ್ಬಕ್ಕೆ ಹಾಕಿಸಿ, ಪ್ಯಾಡಿನ ಮೇಲೂ ಆ ಅಭ್ಯಾಸವೇ ಇರಲಿ.