ಪಾದಚಾರಿ ಅಪಘಾತದ ಗಾಯದ ತೀವ್ರತೆ: ಎಫ್‌ಐಆರ್‌ನ ಕಲಂ ನೆಚ್ಚಿ ಲೆಕ್ಕ ಹಾಕಬಹುದೇ?

ರಿಂಗ್‌ರೋಡ್_ಸಿವಿಲ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಪ್ರಬಂಧಕ್ಕೆ ಕಲಬುರಗಿಯ ಪಾದಚಾರಿ ಅಪಘಾತಗಳನ್ನು ಎತ್ತಿಕೊಂಡಿದ್ದೇನೆ. ನಗರದ ಮತ್ತು ಜೇವರ್ಗಿ ಕಡೆಗಿನ ರಾಷ್ಟ್ರೀಯ ಹೆದ್ದಾರಿ 50ರ 2022ರಿಂದ 2024ರವರೆಗಿನ ಎಫ್‌ಐಆರ್ ಪ್ರತಿಗಳು ಕೈಗೆ ಬಂದಿವೆ. ಪಾದಚಾರಿಗಳ ಪ್ರಕರಣ ಕೆಲವು ನೂರು ಇವೆ. ಸಾವು, ಭಾರಿ ಗಾಯ, ಸಾದಾ ಗಾಯ ಎಂದು ಮೂರು ದರ್ಜೆ ಮಾಡಿ ಆರ್ಡರ್ಡ್ ಲಾಜಿಟ್ (ಏರಿಕೆಯ ಕ್ರಮವಿರುವ ದರ್ಜೆಗಳಿಗೆ ಬಳಸುವ ಸಂಖ್ಯಾಶಾಸ್ತ್ರದ ಮಾದರಿ) ಹಾಕುವ ಯೋಚನೆ ಇದೆ. ಜೊತೆಗೆ ಸೂಪರ್ ಮಾರ್ಕೆಟ್ ಹತ್ತಿರ ಒಂದು ಕಡೆ, ಹುಮನಾಬಾದ್ ರಿಂಗ್ ರಸ್ತೆಯಲ್ಲಿ ಒಂದು ಕಡೆ, ಜನ ರಸ್ತೆ ದಾಟುವುದನ್ನು ವಿಡಿಯೊ ಮಾಡಬೇಕು.

ಮೂರು ಸಂಶಯ. ಎಫ್‌ಐಆರ್‌ನಲ್ಲಿರುವ ಕಾನೂನಿನ ಕಲಂ ನೋಡಿಯೇ ಗಾಯದ ದರ್ಜೆ ಬರೆದುಕೊಂಡರೆ ನಡೆಯುತ್ತದೆಯೇ? ಹೆಚ್ಚುಕಡಿಮೆ ಎಲ್ಲ ದೂರಿನಲ್ಲೂ ಅತಿವೇಗ ಎಂದೇ ಇದೆ, ಅದನ್ನು ಕಾರಣ ಎಂದು ತೆಗೆದುಕೊಂಡರೆ ಫಲಿತಾಂಶದಲ್ಲಿ ಏನೂ ಕಾಣುತ್ತಿಲ್ಲ, ಯಾಕೆ? ವಿಡಿಯೊಗೆ ಕ್ಯಾಮೆರಾ ಎಲ್ಲಿ, ಎಷ್ಟು ಎತ್ತರದಲ್ಲಿ ಇಡಬೇಕು?

ಭೀಮಾತೀರ ಉತ್ತರಿಸಿದ್ದು:

ಮೊದಲು ಎರಡನೇ ಸಂಶಯ, ಅದು ಸುಲಭ. "ಅತಿವೇಗ ಮತ್ತು ಅಲಕ್ಷತನದಿಂದ ಚಲಾಯಿಸಿ" ಎನ್ನುವುದು ಯಾರೂ ಅಳೆದು ನೋಡಿ ಬರೆದದ್ದಲ್ಲ. ಅಜಾಗರೂಕ ಚಾಲನೆಯ ಕಲಂ, ಅಂದರೆ ಹಳೆಯ ಐಪಿಸಿ 279 (ಈಗ ಭಾರತೀಯ ನ್ಯಾಯ ಸಂಹಿತೆ, ಬಿಎನ್‌ಎಸ್ 281) ಹಚ್ಚಬೇಕಾದರೆ ದೂರಿನಲ್ಲಿ ಆ ಮಾತು ಇರಲೇಬೇಕು, ಅದಕ್ಕೇ ಇದೆ. ಎಲ್ಲ ಸಾಲಿನಲ್ಲೂ ಒಂದೇ ಬೆಲೆ ಇರುವ ಅಂಕಣ ಏನನ್ನೂ ವಿವರಿಸುವುದಿಲ್ಲ. ಅದನ್ನು ಪೂರ್ತಿ ತೆಗೆದುಹಾಕಿ. ವೇಗ ಬೇಕಿದ್ದರೆ ಆ ಜಾಗಕ್ಕೆ ಹೋಗಿ ರೇಡಾರ್ ಗನ್‌ನಿಂದಲೋ ವಿಡಿಯೊದಿಂದಲೋ ಅಳೆದು, ನೂರರಲ್ಲಿ 85 ವಾಹನಗಳು ಯಾವ ವೇಗದ ಒಳಗಿವೆ ಎಂದು ನೋಡಿ, ಆ ಅಂಕಿಯನ್ನು ರಸ್ತೆಯ ಗುಣವಾಗಿ ಸೇರಿಸಿ.

ಇನ್ನು ಕಲಂ. ನಿಮ್ಮ ಕೆಲಸ ನಿಲ್ಲುವುದೂ ಬೀಳುವುದೂ ಇದರ ಮೇಲೆ. ಎಫ್‌ಐಆರ್ ಮೊದಲ ದಿನದ ಕಾಗದ. ಆ ಹೊತ್ತಿಗೆ ಗಾಯಾಳು ಆಸ್ಪತ್ರೆಯಲ್ಲಿ ಇರುತ್ತಾನೆ, ಠಾಣೆಯವರು 279, 337 (ಸಾದಾ ಗಾಯ), 338 (ಭಾರಿ ಗಾಯ) ಹಚ್ಚಿರುತ್ತಾರೆ. ಆಮೇಲೆ ತೀರಿಕೊಂಡರೆ 304ಎ (ನಿರ್ಲಕ್ಷ್ಯದಿಂದ ಸಾವು) ಅಳವಡಿಸಲು ನ್ಯಾಯಾಲಯಕ್ಕೆ ವರದಿ ಹೋಗುತ್ತದೆ, ಎಫ್‌ಐಆರ್‌ನ ಮೊದಲ ಪುಟ ಮಾತ್ರ ಹಾಗೇ ಉಳಿಯುತ್ತದೆ. ನಮ್ಮ ಭಾಗದಲ್ಲಿ ತಲೆಗೆ ಪೆಟ್ಟಾದವರನ್ನು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಯ್ಯುವುದು ಸಾಮಾನ್ಯ. ಅಲ್ಲಿ ಸತ್ತರೆ ಶವಪಂಚನಾಮೆ ಅಲ್ಲಿನ ಠಾಣೆಯಲ್ಲಿ ಆಗಿ ಕಾಗದ ಇಲ್ಲಿಗೆ ಬರಬೇಕು. ಹಾಗಾಗಿ ದೋಷಾರೋಪಣ ಪಟ್ಟಿ ನೋಡದೆ ದರ್ಜೆ ಬರೆದರೆ ಅತಿ ತೀವ್ರ ಪ್ರಕರಣಗಳೇ "ಭಾರಿ ಗಾಯ"ದ ಖಾನೆಗೆ ಹೋಗಿ ಕೂಡುತ್ತವೆ. ಅಪಘಾತವಾಗಿ 30 ದಿನದೊಳಗೆ ಸತ್ತರೆ ರಸ್ತೆ ಸಾವು ಎಂಬುದು ಸಾರಿಗೆ ಸಚಿವಾಲಯದ ಲೆಕ್ಕ. ಆ ಗಡುವನ್ನೇ ಹಿಡಿಯಿರಿ, ಪ್ರತಿ ಪ್ರಕರಣದಲ್ಲೂ ಅಪಘಾತದ ದಿನ ಮತ್ತು ಸಾವಿನ ದಿನ ಎರಡನ್ನೂ ಬರೆದುಕೊಳ್ಳಿ.

ನಿಮ್ಮ ಮೂರು ವರ್ಷದ ನಡುವೆ ಇನ್ನೊಂದು ಗೆರೆ ಇದೆ. 2024ರ ಜುಲೈ 1ರಿಂದ ಬಿಎನ್‌ಎಸ್ ಬಂತು. 337 ಹೋಗಿ 125(ಎ), 338 ಹೋಗಿ 125(ಬಿ), 304ಎ ಹೋಗಿ 106(1). ಸಂಖ್ಯೆ ಬದಲಾದದ್ದು ದೊಡ್ಡದಲ್ಲ, ಭಾರಿ ಗಾಯದ ವ್ಯಾಖ್ಯೆಯೇ ಸ್ವಲ್ಪ ಬದಲಾಗಿದೆ. ಐಪಿಸಿ 320ರಲ್ಲಿ 20 ದಿನ ತೀವ್ರ ನೋವು ಅನುಭವಿಸಿದರೆ ಅಥವಾ ನಿತ್ಯದ ಕೆಲಸ ಮಾಡಲಾಗದಿದ್ದರೆ ಭಾರಿ ಗಾಯ ಎಂದಿತ್ತು. ಬಿಎನ್‌ಎಸ್ 116ರಲ್ಲಿ ಅದು 15 ದಿನ. ಅಂದರೆ 17 ದಿನ ಮಲಗಿದವನು ಜೂನ್‌ನಲ್ಲಿ ಸಾದಾ ಗಾಯದವನು, ಜುಲೈನಲ್ಲಿ ಭಾರಿ ಗಾಯದವನು. ಘಟನೆ ನಡೆದ ದಿನಾಂಕದ ಮೇಲೆ ಒಂದು ಅಂಕಣ ಇಟ್ಟುಕೊಳ್ಳದಿದ್ದರೆ ಈ ಬದಲಾವಣೆ ರಸ್ತೆಯ ತಲೆಗೆ ಬರುತ್ತದೆ.

ಕಾನೂನಿನ ದರ್ಜೆ ವೈದ್ಯಕೀಯ ದರ್ಜೆ ಅಲ್ಲ ಎನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ಹಲ್ಲು ಮುರಿದರೂ ಭಾರಿ ಗಾಯ, ತೊಡೆ ಮೂಳೆ ಮುರಿದರೂ ಭಾರಿ ಗಾಯ. ಗಾಯದ ತೀವ್ರತೆಗೆ 1ರಿಂದ 6ರವರೆಗೆ ಅಂಕ ಕೊಡುವ ವೈದ್ಯಕೀಯ ಎಐಎಸ್ ಅಳತೆಯಲ್ಲಿ ಮೊದಲನೆಯದು 1, ಎರಡನೆಯದು 3. ಠಾಣೆಯ ಕಡತದಲ್ಲಿ ವೂಂಡ್ ಸರ್ಟಿಫಿಕೇಟ್ ಇರುತ್ತದೆ, ಅದರಿಂದ ಗಾಯದ ವಿವರ ಬರೆದುಕೊಂಡು ಎಐಎಸ್ ತರಬೇತಿ ಇರುವ ವೈದ್ಯರಿಂದ ಅಂಕ ಹಾಕಿಸಿ. ಮೈಯನ್ನು ಆರು ಭಾಗ ಮಾಡಿ, ಅತಿ ಹೆಚ್ಚು ಪೆಟ್ಟಾದ ಮೂರು ಭಾಗಗಳ ಗರಿಷ್ಠ ಅಂಕದ ವರ್ಗ ಕೂಡಿಸಿದರೆ ಐಎಸ್‌ಎಸ್, ಅಂದರೆ ಇಡೀ ಮೈಯ ಗಾಯದ ತೀವ್ರತೆಯ ಅಂಕ. ತಲೆ 4, ಕಾಲು 3, ಚರ್ಮದ ತರಚು 1 ಇದ್ದರೆ 16+9+1, ಒಟ್ಟು 26. 15 ದಾಟಿದರೆ ದೊಡ್ಡ ಆಘಾತ ಎಂದು ಹಿಡಿಯುವುದು ರೂಢಿ.

ಟಂಟಂ_ಸ್ಟ್ಯಾಂಡ್ ಉತ್ತರಿಸಿದ್ದು:

ವಿಡಿಯೊದ್ದು ನಾ ಹೇಳ್ತೀನಿ ನೋಡ್ರಿ. ಕ್ಯಾಮೆರಾ ಮನಷ್ಯಾನ ಎತ್ತರಕ್ಕ ಇಟ್ರ ಒಂದು ಬಸ್ ಅಡ್ಡ ಬಂತಂದ್ರ ಹಿಂದಿನ ಮಂದಿ ಕಾಣಂಗಿಲ್ಲ. ಎರಡನೇ ಮಾಳಿಗಿ ಬೇಕು, 6ರಿಂದ 8 ಮೀಟರ್. ಕಟ್ಟಡದವ್ರಿಂದ ಒಪ್ಪಿಗಿ ತಗೋರಿ, ಟ್ರಾಫಿಕ್ ಪೊಲೀಸರಿಗೆ ಒಂದು ಪತ್ರ ಕೊಡ್ರಿ. ರಸ್ತಾದ ಮ್ಯಾಲ ನಾಕು ಗುರುತು ಬಿಳಿ ಬಣ್ಣದಾಗ ಹಾಕಿ ಟೇಪ್ ಹಿಡಿದು ನಾಕೂ ಬದಿ ಅಳೀರಿ, ಎರಡೂ ಕರ್ಣ ಸೈತ ಅಳೀರಿ. ಕರ್ಣ ಬಿಟ್ರ ಚೌಕ ಓರಿ ಆಗಿದ್ದು ಗೊತ್ತಾಗಂಗಿಲ್ಲ, ಆಮ್ಯಾಲ ಎಲ್ಲಾ ವೇಗ ತಪ್ಪಿ ಬರ್ತದ.

ವೇಗ ಅಳೀಲಾಕ 25 ಮೀಟರ್ ಅಂತರ ಇಡ್ರಿ. ಸೆಕೆಂಡಿಗಿ 25 ಫ್ರೇಮ್ ಅಂದ್ರ ಒಂದು ಫ್ರೇಮಿಗಿ 0.04 ಸೆಕೆಂಡು. ತಾಸಿಗಿ 50 ಕಿ.ಮೀ. ಗಾಡಿ 25 ಮೀಟರ್ 1.8 ಸೆಕೆಂಡಿನಾಗ ದಾಟ್ತದ, ಒಂದು ಫ್ರೇಮ್ ಆಚೀಚಿ ಆದ್ರ ಶೇ 2ರಷ್ಟು ತಪ್ಪು. ಅದೇ 10 ಮೀಟರ್ ಇಟ್ರ ಶೇ 5ಕ್ಕಿಂತ ಹೆಚ್ಚು ಆಗ್ತದ.

ಸೂಪರ್ ಮಾರ್ಕೆಟ್ ಕಡಿ ಮಂದಿ ಪೂರಾ ಖಾಲಿ ಆಗೂತನ ಕಾಯಂಗಿಲ್ಲ. ಒಂದು ಸಾಲು ದಾಟಿ ನಡುವ ನಿಲ್ತಾರ, ಟಂಟಂ (ಆಟೊ) ಹೋತು ಅಂದ ಕೂಡ್ಲೆ ಇನ್ನೊಂದು ಹೆಜ್ಜಿ. ಹಿಂಗ ತುಂಡು ತುಂಡಾಗಿ ದಾಟೂದನ್ನ ಒಂದೇ ಗ್ಯಾಪ್ (ಎರಡು ಗಾಡಿ ನಡುವಿನ ಬಿಡುವು) ಅಂತ ಬರದ್ರ 3 ಸೆಕೆಂಡಿನಾಗ ಅಗಲ ರಸ್ತಾ ದಾಟಿದಂಗ ಕಾಣ್ತದ, ಅದು ಖರೇ ಅಲ್ಲ. ಸಾಲಿಗೊಂದು ಗ್ಯಾಪ್ ಬರೀರಿ. ಒಪ್ಪಿದ ಗ್ಯಾಪ್ ಅಷ್ಟೇ ಅಲ್ಲ, ಬಿಟ್ಟ ಗ್ಯಾಪ್ ಸೈತ ಬೇಕು. ಆದ್ರ ಅಂಜೂ ಮನಷ್ಯಾ ಒಬ್ಬನೇ ಹತ್ತು ಗ್ಯಾಪ್ ಬಿಡ್ತಾನ, ಎಲ್ಲಾ ಸೇರಿಸಿದ್ರ ಲೆಕ್ಕ ಅವನ ಕಡೀನೇ ವಾಲ್ತದ. ಒಬ್ಬರಿಗಿ ಬಿಟ್ಟಿದ್ರಾಗ ದೊಡ್ಡದು ಒಂದು, ಒಪ್ಪಿದ್ದು ಒಂದು, ಅಷ್ಟ ತಗೋರಿ. ಗುಂಪಿನಾಗ ದಾಟಿದ್ರ ಮುಂದ ಹೆಜ್ಜಿ ಇಟ್ಟವರನ್ನ ಬರದು, ಗುಂಪಿನಾಗ ಎಷ್ಟು ಮಂದಿ ಅಂತ ಬ್ಯಾರೆ ಬರೀರಿ.

ಮೇ ತಿಂಗಳಾಗ ಮಾಡ್ಲಾಕ ಹೋಗಬ್ಯಾಡ್ರಿ. ಬಿಸಲಾಗ ಮಧ್ಯಾನ್ಹ ಮಂದಿ ಹೊರಗ ಬರಂಗಿಲ್ಲ, ಬಂದವರು ನೆಳ್ಳಿದ್ದ ಕಡಿ ದಾಟ್ತಾರ. ನವೆಂಬರಿನಿಂದ ಫೆಬ್ರವರಿತನ ಚಲೋ. ಶರಣಬಸವೇಶ್ವರ ಜಾತ್ರಿ, ಬಂದೇ ನವಾಜ್ ಉರುಸಿನ ದಿನ ಬಿಡ್ರಿ, ಬೇಕಾದ್ರ ಅವನ್ನ ಬ್ಯಾರೇನೇ ಮಾಡ್ರಿ.

ರಿಂಗ್‌ರೋಡ್_ಸಿವಿಲ್:

ಇಬ್ಬರಿಗೂ ಧನ್ಯವಾದ. ದೋಷಾರೋಪಣ ಪಟ್ಟಿಗೆ ನಾಳೆಯೇ ಅರ್ಜಿ ಹಾಕುತ್ತೇನೆ. ಆದರೂ ಪ್ರಕರಣ ಕೆಲವೇ ನೂರು ಅಲ್ಲವೇ, ಆರ್ಡರ್ಡ್ ಲಾಜಿಟ್ ನಿಲ್ಲುತ್ತದೆಯೇ? ಮಾರ್ಗದರ್ಶಕರು ಅದಕ್ಕಿಂತ ಜಟಿಲವಾದ ಮಿಕ್ಸ್‌ಡ್ ಲಾಜಿಟ್ ಮಾದರಿ ಮಾಡು ಎನ್ನುತ್ತಿದ್ದಾರೆ.

ಬಹಮನಿ_ಬುರುಜು ಉತ್ತರಿಸಿದ್ದು:

ಕೆಲವು ನೂರಕ್ಕೆ ಮಿಕ್ಸ್‌ಡ್ ಲಾಜಿಟ್ ಬೇಡವೇ ಬೇಡ. ಗಾಯದ ತೀವ್ರತೆಯ ಮಾದರಿಗಳಿಗೆ ಎಷ್ಟು ಪ್ರಕರಣ ಬೇಕು ಎಂದು 2014ರಲ್ಲಿ ಯೆ ಮತ್ತು ಲಾರ್ಡ್ ಪರೀಕ್ಷಿಸಿ ಆರ್ಡರ್ಡ್ ಪ್ರಾಬಿಟ್‌ಗೆ (ಆರ್ಡರ್ಡ್ ಲಾಜಿಟ್‌ನ ಹತ್ತಿರದ ನಂಟು) ಕನಿಷ್ಠ 1000, ಮಲ್ಟಿನಾಮಿಯಲ್ ಲಾಜಿಟ್‌ಗೆ (ದರ್ಜೆಗಳ ಕ್ರಮ ಲೆಕ್ಕಿಸದ ಮಾದರಿ) 2000, ಮಿಕ್ಸ್‌ಡ್ ಲಾಜಿಟ್‌ಗೆ 5000 ಎಂದು ಸೂಚಿಸಿದ್ದಾರೆ. ಈ ಅಂಕಿಗಳನ್ನೇ ಮಾರ್ಗದರ್ಶಕರ ಮುಂದಿಡಿ.

ಆರ್ಡರ್ಡ್ ಲಾಜಿಟ್‌ಗೆ ಎರಡು ತೊಡಕು. ಒಂದು, ರಾತ್ರಿಯ ಪ್ರಭಾವ ಸಾದಾ-ಭಾರಿ ನಡುವೆಯೂ ಭಾರಿ-ಸಾವು ನಡುವೆಯೂ ಒಂದೇ ಎಂದು ಅದು ನಂಬಿಕೊಂಡಿರುತ್ತದೆ. ಈ ನಂಬಿಕೆ ಸರಿಯೇ ಎಂದು ಬ್ರ್ಯಾಂಟ್ ಪರೀಕ್ಷೆ ಮಾಡಿ ನೋಡಿ. ಇನ್ನೊಂದು ಗಟ್ಟಿ ತೊಡಕು: ತರಚು ಗಾಯದವರು ಠಾಣೆಗೆ ಹೋಗುವುದೇ ಇಲ್ಲ, ಅಲ್ಲೇ ರಾಜಿಯಾಗಿ ಹೋಗುತ್ತಾರೆ. ಸಾದಾ ಗಾಯ ಕಡಿಮೆ ದಾಖಲಾದರೆ ಆರ್ಡರ್ಡ್ ಮಾದರಿಯ ಎಲ್ಲ ಗುಣಾಂಕಗಳೂ ವಾಲುತ್ತವೆ. ಮಲ್ಟಿನಾಮಿಯಲ್‌ನಲ್ಲಿ, ದಾಖಲಾಗದೆ ಉಳಿಯುವುದು ಗಾಯದ ದರ್ಜೆಯೊಂದರ ಮೇಲೇ ನಿಂತಿದ್ದರೆ, ಸ್ಥಿರಾಂಕಗಳು ಮಾತ್ರ ಕೆಡುತ್ತವೆ.

ನಾನಾದರೆ ಸಾದಾ ಗಾಯವನ್ನು ಪೂರ್ತಿ ಬಿಟ್ಟು, ಸಾವು ಮತ್ತು ಭಾರಿ ಗಾಯ ಎರಡನ್ನೇ ಇಟ್ಟು ಬೈನರಿ ಲಾಜಿಟ್ ಮಾಡುವೆ. ಒಂದು ಚಲಕಕ್ಕೆ (ವೇರಿಯಬಲ್‌ಗೆ) ಕನಿಷ್ಠ 10 ಸಾವಿನ ಪ್ರಕರಣ ಬೇಕು. 60 ಸಾವು ಇದ್ದರೆ ಆರೇ ಚಲಕ. ಬೆಳಕು, ವಾಹನದ ಬಗೆ, ವಯಸ್ಸು, ಹೆದ್ದಾರಿಯೋ ನಗರದ ರಸ್ತೆಯೋ, ಇಷ್ಟರಲ್ಲೇ ಮುಗಿಯುತ್ತದೆ. ವಾಹನದ ಬಗೆಗೆ ಮೂರು ದರ್ಜೆ ಮಾಡಿದರೆ ಅದೇ ಎರಡು ಚಲಕ ತಿನ್ನುತ್ತದೆ ಎಂಬುದು ನೆನಪಿರಲಿ. ಯಾವುದೋ ಖಾನೆಯಲ್ಲಿ ಒಂದೆರಡೇ ಪ್ರಕರಣ ಇದ್ದು ಗುಣಾಂಕ ವಿಪರೀತ ಬಂದರೆ ಅದನ್ನು ಹದಕ್ಕೆ ತರುವ ಫರ್ತ್ ವಿಧಾನ ಬಳಸಿ, ಆರ್ ತಂತ್ರಾಂಶದಲ್ಲಿ ಲಾಜಿಸ್ಟ್‌ಎಫ್ ಎಂಬ ಪ್ಯಾಕೇಜ್ ಇದೆ.

ಬೆಳಕನ್ನು ಪೊಲೀಸರ ಅಂಕಣದಿಂದ ತೆಗೆದುಕೊಳ್ಳಬೇಡಿ. ಎಫ್‌ಐಆರ್‌ನಲ್ಲಿ ಘಟನೆಯ ಸಮಯ ಬೇರೆ, ಠಾಣೆಗೆ ಸುದ್ದಿ ಬಂದ ಸಮಯ ಬೇರೆ. ಮೊದಲನೆಯದನ್ನು ಆ ದಿನದ ಸೂರ್ಯಾಸ್ತಕ್ಕೆ ಹೋಲಿಸಿ. ಕಲಬುರಗಿಯಲ್ಲಿ ಡಿಸೆಂಬರ್‌ನಲ್ಲಿ 6 ಗಂಟೆಗೆ ಮುಂಚೆಯೇ ಹೊತ್ತು ಮುಳುಗುತ್ತದೆ, ಜೂನ್‌ನಲ್ಲಿ 7ರ ಹತ್ತಿರ ಆಗುತ್ತದೆ. ಸಂಜೆ ಆರೂವರೆಯ ಅಪಘಾತ ಒಂದರಲ್ಲಿ ಕತ್ತಲು, ಇನ್ನೊಂದರಲ್ಲಿ ಹಗಲು. "ಅಪರಿಚಿತ ವಾಹನ" ಎಂದಿರುವ ಸಾಲುಗಳನ್ನು ಅಳಿಸಬೇಡಿ. ರಾತ್ರಿ ಹೆದ್ದಾರಿಯಲ್ಲಿ ಗುದ್ದಿ ಓಡಿಹೋದ ಪ್ರಕರಣಗಳು ಅವೇ, ಅಳಿಸಿದರೆ ಸಾವೇ ಅಳಿಸಿದಂತೆ. ಅದಕ್ಕೊಂದು ಬೇರೆ ದರ್ಜೆ ಕೊಡಿ.

ಫಲಿತಾಂಶ ಓದುವಾಗ ಒಂದು ಎಚ್ಚರ. ಈ ಮಾದರಿ ಹೇಳುವುದು ಗುದ್ದಿದ ಮೇಲೆ ಏನಾಯಿತು ಎಂದು ಮಾತ್ರ. ಜೀಬ್ರಾ ಪಟ್ಟಿ ಇದ್ದಲ್ಲಿ ಸಾವು ಕಡಿಮೆ ಎಂದು ಬಂದರೆ, ಅದು ಪಟ್ಟಿಯ ಗುಣವೋ, ಪಟ್ಟಿ ಇರುವುದೇ ವೇಗ ಕಡಿಮೆ ಇರುವ ಪೇಟೆಯಲ್ಲಿ ಎಂಬ ಕಾರಣವೋ ಇದರಿಂದ ತಿಳಿಯುವುದಿಲ್ಲ. ಪಟ್ಟಿ ಅಪಘಾತ ತಡೆಯಿತೇ ಎನ್ನುವುದಕ್ಕೆ ಎಷ್ಟು ಜನ ದಾಟಿದರು ಎಂಬ ಎಣಿಕೆ ಬೇಕು.

ಭೀಮಾತೀರ:

ಆ ಎಣಿಕೆ ಹೇಗೂ ವಿಡಿಯೊದಲ್ಲಿ ಸಿಗುತ್ತದೆ, ಪಿವಿ ಸ್ಕ್ವೇರ್ (ಪಿ ಎಂದರೆ ದಾಟುವ ಜನ, ವಿ ಎಂದರೆ ವಾಹನ) ಕೂಡ ಹಾಕಿಬಿಡಿ. ಅತಿ ಹೆಚ್ಚು ಓಡಾಟದ ನಾಲ್ಕು ತಾಸುಗಳ ಸರಾಸರಿ ತೆಗೆದು, ತಾಸಿಗೆ ದಾಟುವ ಜನರನ್ನು ವಾಹನಗಳ ವರ್ಗದಿಂದ ಗುಣಿಸಬೇಕು. 600 ಜನ, 1200 ವಾಹನ ಇದ್ದರೆ 86.4 ಕೋಟಿ. ನಡುವೆ ವಿಭಜಕ ಇರುವ ರಸ್ತೆಗೆ 20 ಕೋಟಿ, ಇಲ್ಲದಿದ್ದರೆ 10 ಕೋಟಿ ದಾಟಿದರೆ ದಾಟುವ ವ್ಯವಸ್ಥೆ ಮಾಡಿಕೊಡಬೇಕು ಎಂಬುದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ ಐಆರ್‌ಸಿ 103ರ ಅಳತೆ. ರಿಂಗ್ ರಸ್ತೆಯಲ್ಲಿ ಈ ಅಂಕಿ ಕಡಿಮೆ ಬರಬಹುದು. ಹಾಗೆ ಬಂತೆಂದು ಅಲ್ಲಿ ಅಗತ್ಯವಿಲ್ಲ ಎಂದು ಮಾತ್ರ ಬರೆಯಬೇಡಿ. ದಾಟಲು ಹೆದರಿ ಸುತ್ತಿ ಹೋಗುವವರು, ಆಟೊ ಹಿಡಿಯುವವರು ಎಣಿಕೆಗೆ ಸಿಗುವುದಿಲ್ಲ.

ಅಲ್ಲಿ ಅಗಲದ ಲೆಕ್ಕ ಮಾಡಿ ತೋರಿಸಿ. ಒಂದು ಬದಿ 7 ಮೀಟರ್ ಇದ್ದರೆ, ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ 5.8 ಸೆಕೆಂಡು ಬೇಕು, 0.8 ಮೀಟರ್ ನಡೆಯುವ ಅಜ್ಜಿಗೆ 8.75 ಸೆಕೆಂಡು. ಅಷ್ಟರಲ್ಲಿ 50 ಕಿ.ಮೀ. ವೇಗದ ಲಾರಿ 121 ಮೀಟರ್ ಬಂದಿರುತ್ತದೆ. ಅಜ್ಜಿ ನಿಂತ ಜಾಗದಿಂದ 121 ಮೀಟರ್ ದೂರ ಕಾಣುತ್ತದೆಯೇ, ನಿಲ್ಲಿಸಿದ ಟ್ರ್ಯಾಕ್ಟರು, ಬಂಡಿ, ಫಲಕ ಅಡ್ಡ ಬರುತ್ತವೆಯೇ ಎಂದು ಟೇಪ್ ಹಿಡಿದು ಅಳೆಯಿರಿ. ರಾತ್ರಿ ಹೋಗಿ ಇನ್ನೊಮ್ಮೆ ನೋಡಿ, ದೀಪ ಉರಿಯುವ ಕಂಬ ಯಾವುವು ಎಂದು ನಕ್ಷೆಯಲ್ಲಿ ಗುರುತು ಹಾಕಿ.