ಕೌನ್ಸೆಲರ್ ಸಲಹೆನೇ ಕೊಡುತ್ತಿಲ್ಲ, ಬರೀ ಪ್ರಶ್ನೆ ಕೇಳುತ್ತಾರೆ. ಇದು ಹೀಗೇನಾ?

ತಿಕೋಟಾ ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮದು ವಿಜಯಪುರ ಜಿಲ್ಲೆ ತಿಕೋಟಾ ಕಡೆ, ದ್ರಾಕ್ಷಿ ತೋಟ ಇದೆ. ಕೆಲವು ತಿಂಗಳಿಂದ ನಿದ್ದೆ ಸರಿ ಇಲ್ಲ. ಒಮ್ಮೊಮ್ಮೆ ಸುಮ್ನೆ ಕೂತಿದ್ದಾಗಲೇ ಎದೆ ಡವಡವ ಹೊಡೆದುಕೊಂಡು, ಬೆವರು ಕಿತ್ತು, ಇನ್ನು ಕಥೆ ಮುಗಿಯಿತು ಅನ್ನಿಸಿಬಿಡುತ್ತದೆ. ಇಸಿಜಿ, ರಕ್ತ ಎಲ್ಲ ನೋಡಿ ಏನೂ ಇಲ್ಲ ಅಂದರು. ಡಾಕ್ಟರೇ ಕೌನ್ಸೆಲಿಂಗ್‌ಗೆ ಕಳಿಸಿದರು.

ಹೋಗುತ್ತಿದ್ದೇನೆ. ಮೇಡಂ ಒಳ್ಳೆಯವರೇ. ಆದರೆ ನನಗೆ ಬೇಕಾಗಿದ್ದು ಒಂದೇ ಉತ್ತರ: ಪುಣೆಯಲ್ಲಿ ಕೆಲಸ ಸಿಕ್ಕಿದೆ, ಹೋಗಲಾ ಅಥವಾ ಅಪ್ಪನ ಜೊತೆ ತೋಟದಲ್ಲೇ ಇರಲಾ? ಸಾಲ ಬೇರೆ ಇದೆ, ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ, ಹತ್ತಿರ ಬಂದಿದೆ. ಕೇಳಿದರೆ, 'ಹೋದರೆ ಏನಾಗುತ್ತದೆ ಅಂತ ನಿಮಗೆ ಭಯ?' ಅಂತ ನನ್ನನ್ನೇ ಕೇಳುತ್ತಾರೆ! ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡು ಬನ್ನಿ ಅಂತಲೂ ಹೇಳಿದ್ದಾರೆ. ದುಡ್ಡು ಕೊಟ್ಟು ನಾನೇ ಮಾತಾಡಿ ಬಂದಂಗಾಯಿತು. ಅಪ್ಪ ಒಂದು ಸಲ ಬಂದು 'ನನ್ನ ಮಗ ಏನು ಹೇಳಿದ?' ಅಂತ ಕೇಳಿದರೆ ಅದನ್ನೂ ಹೇಳಲಿಲ್ಲ, ಅವರಿಗೆ ಸಿಟ್ಟು. ಮುಂದುವರಿಸಲಾ, ಬಿಡಲಾ?

ಇಳಕಲ್ ಅಕ್ಕ:

ತಮ್ಮಾ, ಆ ನೋಟ್‌ಬುಕ್ ಬಿಡಬೇಡ. ನನಗೂ ಹೀಗೇ ಎದೆ ಬಡಿತ ಇತ್ತು. ಏನಾಯಿತು, ಆಗ ತಲೆಯಲ್ಲಿ ಯಾವ ಮಾತು ಓಡಿತು, ಮೈಗೆ ಏನಾಯಿತು, ಆ ಮಾತು ನಿಜ ಅನ್ನಲಿಕ್ಕೆ ಏನು ಆಧಾರ, ಇಷ್ಟೇ ಬರೆಯುವುದು. ಇದಕ್ಕೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಅನ್ನುತ್ತಾರೆ, ನಮ್ಮ ಯೋಚನೆ, ನಡವಳಿಕೆ ನೋಡಿ ತಿದ್ದುವ ಚಿಕಿತ್ಸೆ, 1960ರ ದಶಕದಲ್ಲಿ ಅಮೆರಿಕದ ಆರನ್ ಬೆಕ್ ಅನ್ನುವ ಮನೋವೈದ್ಯರು ಶುರು ಮಾಡಿದ ಪದ್ಧತಿಯಂತೆ. ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ, ನಾವು 'ಅಟ್ಯಾಕ್' ಅಂದುಕೊಳ್ಳುತ್ತೇವೆ, ಆ ಭಯಕ್ಕೆ ಅದು ಇನ್ನೂ ಜೋರಾಗುತ್ತದೆ, ಅದನ್ನು ನೋಡಿ ಮತ್ತೆ ಭಯ. ಬರೆಯುತ್ತಾ ಹೋದ ಮೇಲೆ ಈ ಸುತ್ತು ನನಗೆ ಕಂಡಿತು. ಬಾಯಲ್ಲಿ ಹೇಳಿದ್ದರೆ 'ಹೂಂ' ಅಂದು ಮನೆಗೆ ಬಂದು ಮರೆಯುತ್ತಿದ್ದೆ. ಬೇಜಾರಿನ ಕೆಲಸ ಅನ್ನುವುದು ಮಾತ್ರ ಖರೆ.

ಬೆಳಗಾವಿ ಕೌನ್ಸೆಲರ್:

ನಾನು ಇದೇ ಕೆಲಸ ಮಾಡುವವಳು, ಬೆಳಗಾವಿಯಲ್ಲಿ. ನಿಮ್ಮ ಮೇಡಂ ಯಾರೋ ಗೊತ್ತಿಲ್ಲ, ಆದರೆ ಅವರು ಮಾಡುತ್ತಿರುವುದು ತಪ್ಪಲ್ಲ.

ಪುಣೆಗೆ ಹೋಗಿ ಅಂತ ನಾನು ಹೇಳಿದೆ ಅಂದುಕೊಳ್ಳಿ. ಅಲ್ಲಿ ಕೆಟ್ಟರೆ ನನ್ನ ಮೇಲೆ ಹಾಕುತ್ತೀರಿ, ಚೆನ್ನಾಗಿ ನಡೆದರೆ ಮುಂದಿನ ನಿರ್ಧಾರಕ್ಕೂ ನನ್ನ ಹತ್ತಿರವೇ ಬರುತ್ತೀರಿ. ನಿಮ್ಮ ಸಾಲ, ನಿಮ್ಮ ಅಪ್ಪನ ಸ್ವಭಾವ, ತೋಟದ ಮೇಲಿನ ಜೀವ, ಇದೆಲ್ಲ ನನಗಿಂತ ನಿಮಗೆ ಜಾಸ್ತಿ ಗೊತ್ತು. ಕಾರ್ಲ್ ರೋಜರ್ಸ್ ಅನ್ನುವ ಅಮೆರಿಕದ ಮನೋವಿಜ್ಞಾನಿ 1940-50ರ ದಶಕಗಳಲ್ಲಿ ಈ ದಾರಿ ಹಾಕಿಕೊಟ್ಟರು. ಬಂದವರನ್ನು ಅಳೆಯದೆ ಕೇಳಿಸಿಕೊಳ್ಳುವುದು, ಅವರ ಜಾಗದಲ್ಲಿ ನಿಂತು ಅರ್ಥ ಮಾಡಿಕೊಳ್ಳುವುದು, ನಾಟಕ ಮಾಡದೆ ಇರುವುದು, ಈ ಮೂರರ ಮೇಲೆ ಅವರ ಪದ್ಧತಿ ನಿಂತಿದೆ.

ಅಪ್ಪನಿಗೆ ಹೇಳದೇ ಇದ್ದದ್ದು ಅಹಂಕಾರ ಅಲ್ಲ. ನೀವು ದೊಡ್ಡವರು, ನಿಮ್ಮ ಒಪ್ಪಿಗೆ ಇಲ್ಲದೆ ಹೇಳಲಿಕ್ಕೆ ಬರುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಗುಟ್ಟು ಕಾಪಾಡುವ ವಿಷಯವೇ. ಯಾರದಾದರೂ ಜೀವಕ್ಕೆ ಅಪಾಯ ಇದ್ದಾಗ, ಹೀಗೆ ಕೆಲವು ಸಂದರ್ಭಕ್ಕೆ ಮಾತ್ರ ಸಡಿಲಿಕೆ ಇದೆ.

ಆದರೆ ಒಂದು ಮಾತು. ಯಾಕೆ ಹೀಗೆ ಕೇಳುತ್ತಿದ್ದೇನೆ ಅಂತ ಮೊದಲೇ ಬಿಡಿಸಿ ಹೇಳಬೇಕಾಗಿತ್ತು. ಎಡ್ವರ್ಡ್ ಬೋರ್ಡಿನ್ ಅನ್ನುವ ಮನೋವಿಜ್ಞಾನಿ 1979ರಲ್ಲೇ ಬರೆದಿದ್ದಾರೆ: ಗುರಿ ಏನು, ಅದಕ್ಕೆ ಏನು ಕೆಲಸ ಮಾಡಬೇಕು, ಇಬ್ಬರ ನಡುವೆ ನಂಬಿಕೆ ಇದೆಯಾ, ಈ ಮೂರೂ ಕೂಡಿ ಬರಬೇಕು ಅಂತ. ನಿಮ್ಮ ಗುರಿ ಪುಣೆ, ಅವರ ಗುರಿ ಎದೆ ಬಡಿತ ಅಂತ ಕಾಣುತ್ತದೆ. ಮುಂದಿನ ಸಲ ನೇರವಾಗಿ ಕೇಳಿ: 'ಮೇಡಂ, ನಾವು ಯಾವುದರ ಮೇಲೆ ಕೆಲಸ ಮಾಡುತ್ತಿದ್ದೇವೆ, ಆರಾಮ ಆಗುತ್ತಿದೆ ಅಂತ ಹೇಗೆ ತಿಳಿಯುವುದು?' ಕೇಳಿದರೆ ಬೇಜಾರು ಮಾಡಿಕೊಳ್ಳುವವರಾದರೆ ಆಗ ಬೇರೆಯವರನ್ನು ನೋಡಿ.

ನವನಗರದ ಕಾಕಾ:

ಅಕ್ಕಾವ್ರೆ, ಅರ್ಧ ಒಪ್ಪುತ್ತೇನೆ. ನಮ್ಮ ಕಡೆ ಮನುಷ್ಯ ಒಬ್ಬನೇ ಇರುವುದಿಲ್ಲ. ಮದುವೆ, ಹೊಲ, ನೌಕರಿ, ಎಲ್ಲದಕ್ಕೂ ಹಿರಿಯರು ಕೂತು ಮಾತಾಡಿ ರೂಢಿ. ಅಂಥವನನ್ನು ಕೂರಿಸಿ 'ನಿಮಗೇನನ್ನಿಸುತ್ತದೆ' ಅಂದರೆ ಅವನು ಕಂಗಾಲಾಗದೆ ಇನ್ನೇನು? ಜೆ.ಎಸ್. ನೇಕಿ ಅಂತ ಪಂಜಾಬಿನ ಮನೋವೈದ್ಯರು, ಕವಿಯೂ ಹೌದು, 1973ರಲ್ಲೇ ಇದನ್ನು ಎತ್ತಿದ್ದರು. ಭಾರತದಲ್ಲಿ ಚಿಕಿತ್ಸೆಗೆ ಗುರು-ಚೇಲಾ ಸಂಬಂಧವೂ ಒಂದು ಮಾದರಿ ಆಗಬಹುದು ಅಂತ. ಗುರು ದಾರಿ ತೋರಿಸುತ್ತಾನೆ, ಬರೀ ಕನ್ನಡಿ ಹಿಡಿಯುವುದಿಲ್ಲ. ಅದಕ್ಕಿಂತ ಮೊದಲೇ, 1950ರ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನೇ ಆವರಣದಲ್ಲಿ ಟೆಂಟ್ ಹಾಕಿಸಿ ಇರಿಸಿಕೊಂಡಿದ್ದರು. ಅಪ್ಪನನ್ನು ಬಾಗಿಲ ಹೊರಗೆ ನಿಲ್ಲಿಸಿ ಮಗನನ್ನು ಆರಾಮ ಮಾಡುತ್ತೇವೆ ಅಂದರೆ ನನಗೆ ನಂಬಿಕೆ ಬರುವುದಿಲ್ಲ, ರಾತ್ರಿ ಹುಡುಗ ಊಟಕ್ಕೆ ಕೂರುವುದು ಅದೇ ಅಪ್ಪನ ಪಕ್ಕದಲ್ಲಿ ತಾನೆ.

ಬೆಳಗಾವಿ ಕೌನ್ಸೆಲರ್:

ಕಾಕಾ, ಅಪ್ಪನನ್ನು ಕರೆಸಬೇಡಿ ಅಂತ ನಾನು ಹೇಳಲಿಲ್ಲ. ಹುಡುಗ ಒಪ್ಪಿದರೆ ಮೂವರೂ ಒಟ್ಟಿಗೆ ಕೂರಬಹುದು, ನಾನೂ ಎಷ್ಟೋ ಸಲ ಮಾಡುತ್ತೇನೆ. ಅವನ ಬೆನ್ನ ಹಿಂದೆ ಹೇಳುವುದಷ್ಟೇ ಬೇಡ. ಗುರುವಿನ ಮಾತಿಗೆ ನನಗೆ ಸ್ವಲ್ಪ ಹೆದರಿಕೆ. ಗುರು ಆಗಲಿಕ್ಕೆ ತಯಾರಿರುವವರು ಈ ಕೆಲಸದಲ್ಲಿ ಬೇಕಾದಷ್ಟು ಜನ ಇದ್ದಾರೆ.

ಇಂಡಿ ನಿಂಬೆ:

ಒಂದು ವಿಷಯ ಯಾರೂ ಹೇಳಲಿಲ್ಲ. ಆ ಮೇಡಂ ಏನು ಓದಿದ್ದಾರೆ ಅಂತ ಕೇಳಿದ್ದೀರಾ? ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಇದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರಬೇಕು, ಕೇಳುವುದರಲ್ಲಿ ತಪ್ಪೇನಿಲ್ಲ. ಮಾತ್ರೆ ಬೇಕಾಗಿದ್ದರೆ ಅದನ್ನು ಬರೆಯುವವರು ಮನೋವೈದ್ಯರು, ಕೌನ್ಸೆಲರ್ ಅಲ್ಲ. ನಿದ್ದೆ ಅಷ್ಟು ಕೆಟ್ಟಿದ್ದರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೋ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೋ ಒಂದು ಸಲ ತೋರಿಸಿ. ನಡುರಾತ್ರಿ ಕಷ್ಟ ಆದರೆ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿ. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ದುಡ್ಡಿಲ್ಲ, ಇಡೀ ದಿನ ಇರುತ್ತದೆ.

ತಿಕೋಟಾ ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಕಾಕಾ ಹೇಳಿದ್ದು ಅಪ್ಪನಿಗೆ ಓದಿ ಹೇಳಿದೆ, ಅವರಿಗೆ ಭಾರಿ ಖುಷಿ. ಮುಂದಿನ ಸಲ ಅವರನ್ನೂ ಕರೆದುಕೊಂಡು ಹೋಗಲಾ ಅಂತ ಮೇಡಂಗೆ ಮೆಸೇಜ್ ಹಾಕಿದ್ದೇನೆ. ಆದರೆ ಪುಣೆ ವಿಷಯ ಅಪ್ಪನ ಎದುರಿಗೆ ಬಾಯಿ ಬಿಟ್ಟು ಹೇಳುವ ಧೈರ್ಯ ನನಗಿನ್ನೂ ಇಲ್ಲ. 14416ರಲ್ಲಿ ಕನ್ನಡದಲ್ಲಿ ಮಾತಾಡುತ್ತಾರಾ?

ಇಂಡಿ ನಿಂಬೆ:

ಹೌದು, ಮಾತಾಡುತ್ತಾರೆ. ಭಾಷೆ ಆರಿಸಿಕೊಳ್ಳಲಿಕ್ಕೆ ಬರುತ್ತದೆ. ಆ ಧೈರ್ಯದ ಮಾತನ್ನು ನೋಟ್‌ಬುಕ್‌ನಲ್ಲಿ ಬರಿ, ಅಪ್ಪ ಬರುವುದಕ್ಕಿಂತ ಮೊದಲು ಮೇಡಂಗೆ ತೋರಿಸು.