ಎಚ್‌ಒಎ ಬೋರ್ಡ್ ಮೇಲೆ ಯಾರಿಗೆ ದೂರು ಕೊಡಬೇಕು?

ಪ್ರಶ್ನೆ: ವಕೀಲ ಮೇಡಂ, ನಮಸ್ಕಾರ. ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. ಮುಂಬಾಗಿಲಿಗೆ ಬೇರೆ ಬಣ್ಣ ಹೊಡೆಸಿದ್ದಕ್ಕೆ ನಮ್ಮ ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಬೋರ್ಡ್ 300 ಡಾಲರ್ ದಂಡ ಹಾಕಿದೆ. ಮೀಟಿಂಗಿಗೆ ಕರೆಯಲೇ ಇಲ್ಲ, ನೇರವಾಗಿ ಪತ್ರ ಬಂತು. ಈ ವರ್ಷದ ಲೆಕ್ಕ ತೋರಿಸಿ ಅಂತ ಎರಡು ಸಲ ಇಮೇಲ್ ಮಾಡಿದೆ, ಉತ್ತರವೇ ಇಲ್ಲ. ನೆವಾಡಾದಲ್ಲಿರುವ ತಂಗಿ ‘ಒಂಬುಡ್ಸ್‌ಮನ್‌ಗೆ, ಅಂದರೆ ಇಂಥ ದೂರು ಕೇಳುವ ಸರ್ಕಾರಿ ಅಧಿಕಾರಿಗೆ, ದೂರು ಕೊಡು’ ಅನ್ನುತ್ತಾಳೆ. ಇಲ್ಲೂ ಅಂಥ ಸರ್ಕಾರಿ ಕಚೇರಿ ಇದೆಯಾ? ಇತ್ಯರ್ಥ ಆಗುವವರೆಗೆ ಸಂಘಕ್ಕೆ ಕೊಡುವ ತಿಂಗಳ ಶುಲ್ಕ (ಡ್ಯೂಸ್) ಕಟ್ಟುವುದು ಬೇಡ ಅಂದುಕೊಂಡಿದ್ದೇವೆ.

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ದಯವಿಟ್ಟು ಡ್ಯೂಸ್ ನಿಲ್ಲಿಸಬೇಡಿ. ದಂಡ ಬೇರೆ, ಡ್ಯೂಸ್ ಬೇರೆ. ದಂಡದ ಬಾಕಿಗಾಗಿ ಅವರು ಕೋರ್ಟಿಗೆ ಹೋಗದೆ ಮನೆ ಹರಾಜು ಹಾಕುವಂತಿಲ್ಲ, ಆದರೆ ಡ್ಯೂಸ್ ಬಾಕಿ 1,800 ಡಾಲರ್ ಮುಟ್ಟಿದರೆ ಅಥವಾ 12 ತಿಂಗಳು ದಾಟಿದರೆ ಮನೆಗೇ ಕುತ್ತು ಬರಬಹುದು.

ನಿಮ್ಮ ತಂಗಿ ಹೇಳಿದ್ದು ಅವರ ರಾಜ್ಯಕ್ಕೆ ಸರಿ. ನೆವಾಡಾದಲ್ಲಿ ರಿಯಲ್ ಎಸ್ಟೇಟ್ ಡಿವಿಷನ್‌ನಲ್ಲಿ ಇದಕ್ಕೆಂದೇ ಒಂಬುಡ್ಸ್‌ಮನ್ ಇದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಇಲ್ಲ. ಇಲ್ಲಿ ನಮ್ಮ ಕೈಯಲ್ಲಿರುವುದು ಇಂಥ ಸಂಘಗಳಿಗೆ ಅನ್ವಯಿಸುವ 1985ರ ಡೇವಿಸ್–ಸ್ಟರ್ಲಿಂಗ್ ಕಾಯ್ದೆ, ಅದನ್ನು ಹಿಡಿದು ನಾವೇ ಕೇಳಬೇಕು. ಎಷ್ಟೋ ಜನ ಇಲ್ಲದ ಕಚೇರಿ ಹುಡುಕುತ್ತಾ ತಿಂಗಳುಗಟ್ಟಲೆ ಅಲೆಯುತ್ತಾರೆ, ನೋಡಿದರೆ ಸಂಕಟವಾಗುತ್ತದೆ.

ನೀವು ಹೇಳಿದಂತೆಯೇ ಆಗಿದ್ದರೆ ತಪ್ಪು ಬೋರ್ಡಿನದೇ ಜಾಸ್ತಿ. ದಂಡದ ವಿಚಾರಣೆಗೆ ಕನಿಷ್ಠ 10 ದಿನ ಮೊದಲು ನಿಮಗೆ ಲಿಖಿತ ನೋಟಿಸ್ ಕೊಡಬೇಕಿತ್ತು. ಕೊಡದೆ ಹಾಕಿದ ದಂಡ ನಿಲ್ಲುವುದಿಲ್ಲ. ಅದೂ ಅಲ್ಲದೆ 2025ರ ತಿದ್ದುಪಡಿ ಬಂದ ಮೇಲೆ, ಆರೋಗ್ಯಕ್ಕೋ ಸುರಕ್ಷತೆಗೋ ತೊಂದರೆ ಮಾಡದ ಒಂದು ತಪ್ಪಿಗೆ 100 ಡಾಲರ್ ದಾಟುವಂತಿಲ್ಲ. ಬಾಗಿಲಿನ ಬಣ್ಣದಿಂದ ಯಾರಿಗೂ ಅಪಾಯವಿಲ್ಲ, ಅಲ್ವಾ?

ಈಗ ಬೋರ್ಡಿಗೆ ಪತ್ರ ಬರೆಯಿರಿ, ಫೋನ್ ಬೇಡ. ‘ಇಂಟರ್ನಲ್ ಡಿಸ್‌ಪ್ಯೂಟ್ ರೆಸಲ್ಯೂಷನ್‌ಗೆ ಕೂರೋಣ’ ಅಂತ ಕೇಳಿ, ಅಂದರೆ ಸಂಘದೊಳಗೇ ಮಾತಾಡಿ ಬಗೆಹರಿಸಿಕೊಳ್ಳುವುದು. ಸದಸ್ಯರು ಕೇಳಿದರೆ ಬೋರ್ಡ್ ಒಲ್ಲೆ ಅನ್ನುವಂತಿಲ್ಲ, ಫೀಸೂ ಕೇಳುವಂತಿಲ್ಲ. ಒಪ್ಪಂದಕ್ಕೆ ಬಂದರೆ ಬರೆದು ಇಬ್ಬರೂ ಸಹಿ ಹಾಕಿ.

ಪ್ರಶ್ನೆ: ಅದಕ್ಕೂ ಅವರು ಸುಮ್ನೆ ಕೂತರೆ? ಲೆಕ್ಕ ಸಿಗುವುದು ಹೇಗೆ ಮೇಡಂ?

ಉತ್ತರ: ಲೆಕ್ಕದ ದಾರಿ ಸುಲಭ. ಬರಹದಲ್ಲಿ ಕೇಳಿದರೆ ಈ ವರ್ಷದ ಲೆಕ್ಕಪತ್ರ 10 ಕೆಲಸದ ದಿನಗಳೊಳಗೆ ತೋರಿಸಬೇಕು. ಕಾರಣವಿಲ್ಲದೆ ತಡೆಹಿಡಿದರೆ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ (ಸಣ್ಣ ಮೊತ್ತದ ವ್ಯಾಜ್ಯಗಳ ಕೋರ್ಟು) ನೀವೇ ಹೋಗಬಹುದು, ವಕೀಲರು ಬೇಕಿಲ್ಲ. ಒಂದೊಂದು ಕೋರಿಕೆಗೂ 500 ಡಾಲರ್‌ವರೆಗೆ ಬೋರ್ಡಿನ ಮೇಲೆ ಬೀಳಬಹುದು. ದಂಡದ ವಿಷಯ ದೊಡ್ಡ ಕೋರ್ಟಿಗೇ ಹೋಗುವ ಹಾಗಾದರೆ ಮೊದಲು ಬೋರ್ಡನ್ನು ಮೀಡಿಯೇಷನ್‌ಗೆ (ಮಧ್ಯಸ್ಥರ ಮುಂದೆ ರಾಜಿ ಮಾತುಕತೆ) ಕರೆಯಬೇಕು. ಒಪ್ಪಿಕೊಳ್ಳಲು ಅವರಿಗೆ 30 ದಿನ ಇರುತ್ತದೆ.

ಆ ಎರಡು ಇಮೇಲ್ ಅಳಿಸಬೇಡಿ. ತಾರೀಖು ಕಾಣುವ ಹಾಗೆ ಇವತ್ತೇ ಪ್ರಿಂಟ್ ತೆಗೆದಿಡಿ.